ಕಸ ಬೇಕಾಗಿದೆ, ಅರ್ಜೆಂಟ್!

ಮನೆಯಲ್ಲಿ ಕಸ ಇಲ್ಲ ಅಂತ ನಾನು ಜೀವನದಲ್ಲಿ ಮೊದಲ ಸಲ ತಲೆ ತಗ್ಗಿಸಿದ್ದು ಹೋದ ವಾರ.

ರಾತ್ರಿ ಒಂಬತ್ತೂವರೆಗೆ ಮಗಳ ಶಾಲೆಯ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂತು. ನಾಳಿದ್ದು 'ಕಸದಿಂದ ರಸ' ಸ್ಪರ್ಧೆ, ಮಾಡೆಲ್ ಕಡ್ಡಾಯ, ಮಾರ್ಕ್ಸ್ ಬೇರೆ ಇದೆ. ಮಗಳು ನಮ್ಮ ದಾವಣಗೆರೆಯ ಗಾಜಿನ ಮನೆ ಮಾಡ್ತೀನಿ ಅಂತ ಹಟ ಹಿಡಿದಳು. ಅದಕ್ಕೆ ಖಾಲಿ ಪ್ಲಾಸ್ಟಿಕ್ ಬಾಟಲಿ ಬೇಕಂತೆ, ಇಪ್ಪತ್ತಾದರೂ. ನಮ್ಮಲ್ಲಿರೋದು ಸ್ಟೀಲ್ ಬಾಟಲಿ. ಹಾಲಿನ ಕವರ್ ಇದ್ದಾವೆ, ಆದ್ರೆ ಅಮ್ಮ ಅವನ್ನ ತೊಳೆದು ಒಣಗಿಸಿ ಗುಜರಿಯವನಿಗೆ ಅಂತ ಕಟ್ಟಿಟ್ಟಿದ್ದಾಳೆ, ಮುಟ್ಟಿದರೆ ಕೈ ಮುರೀತಾಳೆ.

"ಕೌದಿ ತಗೊಂಡು ಹೋಗು ಪುಟ್ಟಿ," ಅಂದಳು ಅಮ್ಮ. "ಹಳೇ ಸೀರೆ, ಹಳೇ ಲುಂಗಿ, ನಿಮ್ಮಪ್ಪನ ನಾಲ್ಕನೇ ಕ್ಲಾಸಿನ ಚಡ್ಡಿ, ಎಲ್ಲಾ ಅದರಲ್ಲೇ ಐತಿ."

"ಅಜ್ಜಿ, ಅದು ಹಳೇದು. ಮಿಸ್ ಒಪ್ಪಲ್ಲ."

ಸರಿ, ಮಾರನೇ ದಿನ ಮಂಡಿಪೇಟೆ ಕಡೆ ಹೋದೆ. ಸ್ಟೇಷನರಿ ಅಂಗಡಿಯವನು ನನ್ನ ಮುಖ ನೋಡಿಯೇ, "ಕಸದಿಂದ ರಸ ಕಿಟ್ಟಾ ಸರ್? 180 ರೂಪಾಯಿ," ಅಂದ. ಒಳಗೆ ಯಾರೂ ನೆಕ್ಕದ ಹೊಸ ಐಸ್‌ಕ್ರೀಂ ಕಡ್ಡಿ, ಟೀ ಕಾಣದ ಪೇಪರ್ ಲೋಟ, ಥರ್ಮಾಕೋಲ್, ಮಿನುಗುವ ಪೇಪರ್, ಗಮ್ಮು. ಅಷ್ಟನ್ನೂ ಸೇರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಪ್ಯಾಕ್ ಮಾಡಿದ್ದ. ಖಾಲಿ ಬಾಟಲಿ ಇಲ್ವೇನಪ್ಪಾ ಅಂದೆ.

"ಪಕ್ಕದ ಅಂಗಡೀಲಿ ಅದಾವ್ರಿ ಸರ್. ನೀರು ತುಂಬಿರ್ತಾವೆ, ಅಷ್ಟೇ."

ಅರ್ಧ ಲೀಟರಿನ 24 ಬಾಟಲಿಯ ಒಂದು ಕೇಸ್ ಹೊತ್ತು ತಂದೆ. 12 ಲೀಟರ್ ನೀರು! ಕುಡಿಯೋಷ್ಟು ಕುಡಿದು ಉಳಿದದ್ದನ್ನು ತುಳಸಿ ಕಟ್ಟೆಗೆ ಸುರಿದೆವು, ಹುಟ್ಟಿದಾಗಿಂದ ಬೋರ್‌ವೆಲ್ ನೀರು ಬಿಟ್ಟು ಬೇರೇನೂ ಕಾಣದ ಆ ಗಿಡಕ್ಕೆ ಅವತ್ತು ಯೋಗ ಕೂಡಿಬಂದಿತ್ತು. ರಾತ್ರಿ ಒಂದು ಗಂಟೆವರೆಗೆ ಬಾಟಲಿ ಕತ್ತರಿಸಿದ್ದು ನಾನು, ಅಂಟಿಸಿದ್ದು ನನ್ನ ಹೆಂಡತಿ. ಮಗಳು ಮಲಗಿದ್ದಳು. ಮಾಡೆಲ್ ಮೇಲೆ ಹೆಸರು ಮಾತ್ರ ಅವಳದೇ.

ಶಾಲೆಯ ಗೇಟಿಗೆ ಮಾರುದ್ದದ ಫ್ಲೆಕ್ಸು, 'ಪ್ಲಾಸ್ಟಿಕ್ ಬಿಡಿ, ಭೂಮಿ ಉಳಿಸಿ' ಅಂತ. 2016ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆ ಪ್ಲಾಸ್ಟಿಕ್ ಫ್ಲೆಕ್ಸನ್ನೂ ನಿಷೇಧಿಸಿತ್ತು, ಅಲ್ವಾ? ಒಳಗೆ ಟೇಬಲ್ ತುಂಬಾ ಥರ್ಮಾಕೋಲಿನ ಬೆಟ್ಟ, ಥರ್ಮಾಕೋಲಿನ ಕೆರೆ. ಅಲಂಕಾರದ ಥರ್ಮಾಕೋಲು 2022ರ ಜುಲೈ 1ರಿಂದ ದೇಶದಲ್ಲೇ ಬಂದ್. ಮಕ್ಕಳಿಗೆ ಯಾವುದೆಲ್ಲ ನಿಷೇಧ ಅಂತ ಒಂದೇ ಹಾಲ್‌ನಲ್ಲಿ ಕೈಯಿಟ್ಟು ತೋರಿಸೋಕೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇನ್ನೆಲ್ಲಿ ಸಿಗುತ್ತೆ ಹೇಳಿ.

ಗೋಡೆ ಮೇಲೆ ಚಾರ್ಟು: ಕಡಿಮೆ ಬಳಸಿ, ಮತ್ತೆ ಬಳಸಿ, ಮರುಸಂಸ್ಕರಿಸಿ. ಮೊದಲನೆಯದಕ್ಕೆ ಮಾತ್ರ ಒಂದೂ ಮಾಡೆಲ್ ಇರಲಿಲ್ಲ. ಎಲ್ಲಿಂದ ಬರಬೇಕು? ಕೊಳ್ಳದೇ ಬಿಟ್ಟ ಬಾಟಲಿಗೆ ಮಿನುಗು ಪೇಪರ್ ಹಚ್ಚೋಕಾಗುತ್ತಾ? ಒಬ್ಬ ಹುಡುಗ ಮಾತ್ರ ಅಣ್ಣನ ಹೋದ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆ ಕಿತ್ತು, ದಬ್ಬಣದಲ್ಲಿ ಹೊಲಿದು ರಫ್ ಬುಕ್ ಮಾಡಿ ತಂದಿದ್ದ. ನಾವು ಓದುವಾಗ ಬೇಸಿಗೆ ರಜೆಯಲ್ಲಿ ಮನೆಮನೆಯಲ್ಲೂ ನಡೀತಿದ್ದ ಕೆಲಸ ಅದು. ಮಿಸ್ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ ಕಣೋ, ಆದ್ರೆ ಇದರಲ್ಲಿ ಮಾಡೆಲ್ ಎಲ್ಲಿ?" ಅಂದರು. ಅವನು ಏನು ಹೇಳ್ತಾನೆ ಪಾಪ. ಬುಕ್ಕಿನಲ್ಲಿ ಆಗಲೇ ಎರಡು ಪುಟ ಲೆಕ್ಕ ಮಾಡಿಬಿಟ್ಟಿದ್ದ.

ನಮ್ಮ ಗಾಜಿನ ಮನೆಗೆ ಎರಡನೇ ಬಹುಮಾನ. ಪ್ಲಾಸ್ಟಿಕ್ ಕಪ್ಪು, ಮೇಲೆ ಗಿಫ್ಟ್ ಪೇಪರ್, ಅದರ ಮೇಲೆ ರಿಬ್ಬನ್ನು.

ಭಾನುವಾರದ ಹೊತ್ತಿಗೆ ಗಾಜಿನ ಮನೆ ಟಿವಿ ಹಿಂದೆ ಜೇಡರ ಬಲೆ ಕಟ್ಟಿಸಿಕೊಂಡಿತ್ತು. ಸೋಮವಾರ ಬೆಳಿಗ್ಗೆ ಹಾಡು ಹಾಕ್ಕೊಂಡು ಕಸದ ಗಾಡಿ ಬಂತು, ಎತ್ತಿಕೊಂಡು ಹೋದೆ. ಗಾಡಿಯಾಕೆ ಬಾಟಲಿ, ಥರ್ಮಾಕೋಲು, ಗಮ್ಮು, ಮಿನುಗು ಎಲ್ಲಾ ಒಂದಕ್ಕೊಂದು ಕಚ್ಚಿಕೊಂಡಿದ್ದನ್ನು ನೋಡಿ ಕೇಳಿದಳು: "ಇದನ್ನ ಹೆಂಗ್ ಬಿಡಿಸಬೇಕು ಅಣ್ಣಾ? ಬರೀ ಬಾಟ್ಲಿ ಆಗಿದ್ರೆ ಗುಜರಿಗಾದ್ರೂ ಹೋಗೋವು." ನನ್ನ ಹತ್ತಿರ ಉತ್ತರ ಇರಲಿಲ್ಲ, ಸುಮ್ನೆ ಹಲ್ಲು ಕಿರಿದೆ.

ಒಳಗೆ ಬರೋಷ್ಟರಲ್ಲಿ ಮೊಬೈಲು ಕಿಣಿಕಿಣಿ. ಮುಂದಿನ ವಾರ 'ನೀರು ಉಳಿಸಿ' ಸ್ಪರ್ಧೆ. ಹರಿಯುವ ಕಾರಂಜಿಯ ಮಾಡೆಲ್ ತಂದವರಿಗೆ ಜಾಸ್ತಿ ಮಾರ್ಕ್ಸ್. ಅಂಗಡಿಯವನಿಗೆ ಫೋನ್ ಮಾಡಿದೆ.

"ಎರಡೇ ಸೆಟ್ ಉಳಿದಾವೆ ಸರ್, ಬೇಗ ಬರ್ರಿ."