ಯಾವಾಗ ರೂಟ್ ಎನ್ ಹಾಕಬೇಕು?

ಮಂಡ್ಯ ಸೀಮೆಯಲ್ಲಿ ಪದವಿ ಮೊದಲ ವರ್ಷದ ಮಕ್ಕಳಿಗೆ ಸಂಖ್ಯಾಶಾಸ್ತ್ರ ಪಾಠ ಹೇಳುವ ನಮ್ಮಂಥವರಿಗೆ ವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: "ಸಾರ್, ಯಾವ ಲೆಕ್ಕಕ್ಕೆ ರೂಟ್ ಎನ್ ಹಾಕಬೇಕು, ಯಾವುದಕ್ಕೆ ಹಾಕಬಾರದು?" ರೂಟ್ ಎನ್ ಎಂದರೆ ಸ್ಯಾಂಪಲ್ಲಿಗೆ, ಅಂದರೆ ಮಾದರಿಗೆಂದು ಆರಿಸಿಕೊಂಡವುಗಳ ಸಂಖ್ಯೆಯ (n) ವರ್ಗಮೂಲ; ಸರಾಸರಿಯ ಚದುರುವಿಕೆ ತೆಗೆಯಲು ಅದರಿಂದ ಭಾಗಿಸುತ್ತೇವೆ. ಲೆಕ್ಕದಲ್ಲಿ 'ಸ್ಯಾಂಪಲ್ ಸರಾಸರಿ' ಎಂಬ ಮಾತಿದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ ಎಂಬುದು ಇದಕ್ಕೆ ಎಲ್ಲೆಡೆ ಸಿಗುವ ಸಿದ್ಧ ಉತ್ತರ. ಅಂಕ ಗಿಟ್ಟಿಸುವುದಕ್ಕೆ ಅಷ್ಟು ಸಾಕು. ಆದರೆ ಮಕ್ಕಳು ಈ ಪ್ರಶ್ನೆ ಕೇಳುವುದು ಬೀಜಗಣಿತ ಬಾರದ ಕಾರಣಕ್ಕಲ್ಲ. ಕಣ್ಣ ಮುಂದೆ ಅಂಕಿಗಳ ಎರಡು ಬೇರೆ ಬೇರೆ ರಾಶಿಗಳಿರಬೇಕಾದ ಕಡೆ ಅವರಿಗೆ ಒಂದೇ ರಾಶಿ ಕಾಣುತ್ತಿರುವುದರಿಂದ ಎಂಬುದು ನನ್ನ ಅಭಿಪ್ರಾಯ. ಮೊದಲು ಗಂಟೆಯಾಕಾರದ ನಾರ್ಮಲ್ ರೇಖೆ, ಆಮೇಲೆ ಅದರ ಸಂಭವನೀಯತೆಗಳನ್ನು ಕೊಡುವ ಜೆಡ್ ಕೋಷ್ಟಕ (ನಾರ್ಮಲ್ ಕೋಷ್ಟಕ), ಕೊನೆಗೆ ಸಮಯ ಉಳಿದರೆ ಸ್ಯಾಂಪಲಿಂಗ್ ಎಂಬ ನಮ್ಮ ಪಾಠದ ಕ್ರಮವೇ ಆ ಎರಡನೆಯ ರಾಶಿಯನ್ನು ಮರೆಮಾಡುತ್ತದೆ.

ಇದನ್ನು ತೋರಿಸಲು ಪಠ್ಯಪುಸ್ತಕದ ಬಲ್ಬುಗಳ ಬಾಳಿಕೆ, ಸೈನಿಕರ ಎತ್ತರ ಇವೆಲ್ಲ ಬೇಕಿಲ್ಲ. ನಮ್ಮ ತರಗತಿಯ ಅರ್ಧದಷ್ಟು ಮಕ್ಕಳ ಮನೆಯ ಗದ್ದೆಗೆ ಸಂಬಂಧಪಟ್ಟ ಬೆಳೆ ಕಟಾವು ಪ್ರಯೋಗವೇ ಇದೆ. ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದು ಮುಖ್ಯವಾಗಿ ಈ ಪ್ರಯೋಗದ ಇಳುವರಿಯಿಂದ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯ ಮಾರ್ಗಸೂಚಿಯ ಪ್ರಕಾರ ಪ್ರಮುಖ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ 4 ಪ್ರಯೋಗಗಳು ನಡೆಯಬೇಕು. ಸರ್ವೆ ನಂಬರನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಆರಿಸುತ್ತಾರೆ. ಗದ್ದೆಯ ನೈಋತ್ಯ ಮೂಲೆಯಲ್ಲಿ ನಿಂತು, ಮತ್ತೆರಡು ಯಾದೃಚ್ಛಿಕ ಸಂಖ್ಯೆಗಳಷ್ಟು ಉದ್ದಕ್ಕೂ ಅಗಲಕ್ಕೂ ಅಳೆದು ಮೊದಲ ಗೂಟ ಹೊಡೆಯುತ್ತಾರೆ. ಅಲ್ಲಿಂದ ಭತ್ತಕ್ಕೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕಕ್ಕೆ ಹಗ್ಗ ಎಳೆದು, ಮೂಲೆಯಿಂದ ಮೂಲೆಗೆ 7.07 ಮೀಟರ್ ಬರುತ್ತದೆಯೇ ಎಂದು ಟೇಪು ಹಿಡಿದು ನೋಡುತ್ತಾರೆ. ಬರದಿದ್ದರೆ ಚೌಕ ಸೊಟ್ಟಗಿದೆ ಎಂದರ್ಥ. ಒಳಗಿನ ಪೈರನ್ನು ಕುಯ್ದು, ಬಡಿದು, ತೂರಿ, ತೂಕ ಹಾಕುತ್ತಾರೆ. 25 ಚದರ ಮೀಟರಿಗೆ 15 ಕಿಲೋ ಭತ್ತ ಬಂದರೆ ಎಕರೆಗೆ ಸುಮಾರು 24 ಕ್ವಿಂಟಾಲ್ ಎಂದಾಯಿತು.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿಂದ ಮುಂದಿನ ಇಳುವರಿಯ ಅಂಕಿಗಳೆಲ್ಲ ವಿವರಣೆಗಾಗಿ ನಾನು ಇಟ್ಟುಕೊಂಡವು, ಯಾವ ಪಂಚಾಯಿತಿಯ ದಾಖಲೆಯೂ ಅಲ್ಲ. ಒಂದು ಪಂಚಾಯಿತಿಯ ಇಡೀ ಭತ್ತದ ಬಯಲನ್ನು ಇಂಥ ಚೌಕಗಳಾಗಿ ಕತ್ತರಿಸಿದೆವು ಎನ್ನಿ; ಚೌಕವೊಂದರ ಸರಾಸರಿ ಇಳುವರಿ 15 ಕಿಲೋ, ಮಾನಕ ವಿಚಲನೆ (ಸರಾಸರಿಯ ಸುತ್ತ ಅಂಕಿಗಳು ಎಷ್ಟು ಚದುರಿವೆ ಎಂಬ ಅಳತೆ) 3 ಕಿಲೋ ಇರಲಿ. ಕಣ್ಣು ಮುಚ್ಚಿ ಒಂದು ಚೌಕ ಆರಿಸಿದರೆ ಅದರ ಇಳುವರಿ 12 ಕಿಲೋಗಿಂತ ಕಡಿಮೆ ಇರುವ ಸಂಭವನೀಯತೆ, ನಾರ್ಮಲ್ ಕೋಷ್ಟಕದ ಪ್ರಕಾರ, ಶೇ. 16ರಷ್ಟು. ಇದು ಮೊದಲ ರಾಶಿ. ಇದರ ಒಂದೊಂದು ಕಾಳೂ ಒಂದೊಂದು ಚೌಕ. ಇನ್ನು ನಾಲ್ಕು ಚೌಕಗಳನ್ನು ಆರಿಸಿ ಅವುಗಳ ಸರಾಸರಿ ತೆಗೆದರೆ ಅದು 12ಕ್ಕಿಂತ ಕೆಳಗೆ ಬೀಳುವ ಸಂಭವನೀಯತೆ ಶೇ. 2.3 ಮಾತ್ರ. ಇದು ಎರಡನೆಯ ರಾಶಿ, ಮತ್ತು ಇದರಲ್ಲಿ ಚೌಕಗಳೇ ಇಲ್ಲ. ಅದೇ ಬಯಲಿನಿಂದ ಆರಿಸಬಹುದಾದ ಅಷ್ಟೂ ನಾಲ್ಕರ ಗುಂಪುಗಳ ಸರಾಸರಿಗಳಿವೆ. ನಾಲ್ಕೂ ಬಡ ಚೌಕಗಳೇ ಸಿಗುವುದು ಅಪರೂಪವಾದ್ದರಿಂದ ಈ ರಾಶಿ 15ರ ಸುತ್ತ ಹೆಚ್ಚು ಒತ್ತೊತ್ತಾಗಿ ನಿಲ್ಲುತ್ತದೆ, ಅದರ ವಿಚಲನೆ 3ರ ಬದಲು 1.5ಕ್ಕೆ ಇಳಿಯುತ್ತದೆ. ರೂಟ್ ಎನ್ ಬರುವುದು ಇಲ್ಲಿ: 4ರ ವರ್ಗಮೂಲ 2, 3ನ್ನು ಅದರಿಂದ ಭಾಗಿಸಿದರೆ 1.5. ಕೇಳುತ್ತಿರುವುದು ಯಾವ ರಾಶಿಯ ಬಗ್ಗೆ ಎಂಬುದು ತಿಳಿದವನಿಗೆ ಸೂತ್ರ ಬಾಯಿಪಾಠ ಮಾಡುವ ಕಷ್ಟವಿಲ್ಲ.

"ನಾಲ್ಕ್ ಕಡೆ ಕುಯ್ದ್‌ಬುಟ್ಟು ಇಡೀ ಪಂಚಾಯ್ತಿಗೆ ಲೆಕ್ಕ ಹಾಕ್ತರಲ್ಲ, ಇದ್ಯಾವ ನ್ಯಾಯ ಸಾರ್?" ಎಂದು ನಮ್ಮ ಕಡೆಯ ರೈತರು ಕೇಳುವುದುಂಟು. ಇದು ತಿರಸ್ಕರಿಸುವ ಮಾತಲ್ಲ, ಆದರೆ ಇದರಲ್ಲಿ ಎರಡು ಸಂಗತಿಗಳು ಬೆರೆತಿವೆ. ಬಯಲು 200 ಹೆಕ್ಟೇರ್ ಇದ್ದರೆ ಅದರಲ್ಲಿ 80,000 ಚೌಕಗಳಾಗುತ್ತವೆ, 400 ಹೆಕ್ಟೇರ್ ಇದ್ದರೆ 1,60,000. ಸರಾಸರಿಯ ವಿಚಲನೆ ಎರಡರಲ್ಲೂ ಅದೇ 1.5, ಬಯಲು ದೊಡ್ಡದಾದ ಮಾತ್ರಕ್ಕೆ ಸ್ಯಾಂಪಲ್ ಅದೇ ಪ್ರಮಾಣದಲ್ಲಿ ದೊಡ್ಡದಾಗಬೇಕಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆ ಎಷ್ಟು ದೊಡ್ಡದಿದ್ದರೂ ಒಂದಗುಳು ಹಿಸುಕಿದರೆ ಸಾಕು ಎಂಬ ಮಾತು ಇಲ್ಲಿಯವರೆಗೆ ಸರಿ. ಆದರೆ ಆ ಮಾತು ನಿಲ್ಲುವುದು ಪಾತ್ರೆಯನ್ನು ಕಲಕಿದ್ದರೆ ಮಾತ್ರ, ಮತ್ತು ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟನ್ನು ಯಾರೂ ಕಲಕಿಲ್ಲ. ತೂಬಿನ ಹತ್ತಿರದ ಗದ್ದೆಗೂ ಕೊನೆ ಭಾಗದ ಗದ್ದೆಗೂ ಇರುವ ಅಂತರವನ್ನು ಮದ್ದೂರು, ಮಳವಳ್ಳಿ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ.

ಹಾಗಾಗಿ ನಮ್ಮ ಊಹೆಯ ಪಂಚಾಯಿತಿಯನ್ನು ಸ್ವಲ್ಪ ನಿಜಕ್ಕೆ ಹತ್ತಿರ ತರೋಣ. ಅರ್ಧದಷ್ಟು ಚೌಕಗಳು ನಾಲೆಯ ಮೇಲ್ಭಾಗದವು, ಅವುಗಳ ಸರಾಸರಿ 17.4 ಕಿಲೋ, ಉಳಿದರ್ಧ ಕೊನೆ ಭಾಗದವು, ಸರಾಸರಿ 12.6 ಕಿಲೋ, ಎರಡು ಕಡೆಯೂ ವಿಚಲನೆ 1.8. ಒಟ್ಟು ಸರಾಸರಿ ಮತ್ತೆ 15, ಒಟ್ಟು ವಿಚಲನೆ ಮತ್ತೆ 3, ಆದರೆ ರೇಖೆ ಈಗ ಗಂಟೆಯಂತಿಲ್ಲ, ಎರಡು ಗುಡ್ಡಗಳಂತಿದೆ. ನಡುವಿನ 15 ಕಿಲೋ ಇಳುವರಿ ಕೊಡುವ ಗದ್ದೆಗಳೇ ಕಡಿಮೆ. ಒಂದು ಚೌಕ 12ಕ್ಕಿಂತ ಕಡಿಮೆ ಇರುವ ಸಂಭವನೀಯತೆ ಈಗ ಶೇ. 18.5, ನಾರ್ಮಲ್ ಕೋಷ್ಟಕದ ಶೇ. 16 ಇಲ್ಲಿ ಸುಳ್ಳು ಹೇಳುತ್ತದೆ. ಆದರೆ ನಾಲ್ಕು ಚೌಕಗಳ ಸರಾಸರಿಯನ್ನು ನಾನು ಕೂತು ಬಿಡಿಸಿ ಲೆಕ್ಕ ಹಾಕಿದಾಗ ಬಂದದ್ದು ಶೇ. 2.2, ಕೋಷ್ಟಕ ಹೇಳಿದ್ದು 2.3! ಮೂಲ ರಾಶಿ ಎರಡು ಗುಡ್ಡವಾಗಿದ್ದರೂ ಸರಾಸರಿಗಳ ರಾಶಿ ನಾಲ್ಕಕ್ಕೇ ಗಂಟೆಯ ಆಕಾರಕ್ಕೆ ಇಷ್ಟು ಹತ್ತಿರ ಬಂದುಬಿಟ್ಟಿದೆ. 1733ರಲ್ಲಿ ಗಣಿತಜ್ಞ ಡಿ ಮಾವ್ರ್ ನಾಣ್ಯ ಚಿಮ್ಮುವ ಲೆಕ್ಕದಲ್ಲಿ ಕಂಡು, 1810ರಲ್ಲಿ ಮತ್ತೊಬ್ಬ ಗಣಿತಜ್ಞ ಲಾಪ್ಲಾಸ್ ವಿಸ್ತಾರವಾಗಿ ಸಾಧಿಸಿದ ಕೇಂದ್ರೀಯ ಮಿತಿ ಪ್ರಮೇಯದ ಬಲ ಇದು: ಸ್ಯಾಂಪಲ್ ದೊಡ್ಡದಾದಂತೆ ಸರಾಸರಿಗಳ ರಾಶಿ ಗಂಟೆಯ ಆಕಾರಕ್ಕೆ ಹತ್ತಿರವಾಗುತ್ತದೆ. 'ಸ್ಯಾಂಪಲ್ 30ಕ್ಕಿಂತ ಹೆಚ್ಚಿದ್ದರೆ ನಾರ್ಮಲ್' ಎಂದು ಮಕ್ಕಳ ನೋಟ್ಸಿನಲ್ಲಿ ಚೌಕ ಹಾಕಿ ಬರೆಸುವ ವಾಕ್ಯವನ್ನು ಹೊಡೆದುಹಾಕಬೇಕು ಎಂದು ನನಗೆ ಅನ್ನಿಸುವುದು ಇದಕ್ಕೇ. ಎರಡೂ ಬದಿ ಸಮನಾಗಿರುವ ರಾಶಿಗೆ ಅಷ್ಟು ಬೇಕಿಲ್ಲ. ಒಂದೇ ಕಡೆಗೆ ಉದ್ದ ಬಾಲ ಚಾಚಿರುವ ಆದಾಯ, ಆಸ್ತಿಯಂಥ ರಾಶಿಗಳಿಗೆ ಒಮ್ಮೊಮ್ಮೆ 30 ಏನೇನೂ ಸಾಲದು.

ಆಕಾರ ಸರಿಹೋದರೆ ಕಾಟ ಮುಗಿಯಿತೆಂದಲ್ಲ. ರೈತರ ಪ್ರಶ್ನೆಯ ಎರಡನೆಯ ಅರ್ಧ ಇರುವುದು ಇಲ್ಲಿ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ಆಧರಿಸಿ ವಿಮೆಯಲ್ಲಿ ಇಳುವರಿಯ ಮಿತಿಯೊಂದನ್ನು ನಿಗದಿ ಮಾಡುತ್ತಾರೆ; ಪ್ರಯೋಗದ ಸರಾಸರಿ ಅದಕ್ಕಿಂತ ಕೆಳಗಿದ್ದರೆ ಪರಿಹಾರ, ಮೇಲಿದ್ದರೆ ಇಲ್ಲ. ಆ ಮಿತಿ ಚೌಕಕ್ಕೆ 13 ಕಿಲೋ ಎಂದೂ, ಮಳೆ ಕೈಕೊಟ್ಟು ಬಯಲಿನ ನಿಜವಾದ ಸರಾಸರಿ 12ಕ್ಕೆ ಇಳಿದಿದೆ ಎಂದೂ, ವಿಚಲನೆ ಅದೇ 3 ಎಂದೂ ಇಟ್ಟುಕೊಳ್ಳಿ. ನಾಲ್ಕು ಚೌಕಗಳ ಸರಾಸರಿ 13 ದಾಟುವ ಸಂಭವನೀಯತೆ ಶೇ. 25. ಯಾರೂ ಮೋಸ ಮಾಡದೆ, ಹಗ್ಗ ನೆಟ್ಟಗಿದ್ದು, ತಕ್ಕಡಿ ಸರಿಯಿದ್ದೂ ಇಂಥ ನಾಲ್ಕು ಪಂಚಾಯಿತಿಗಳಲ್ಲಿ ಒಂದರ ರೈತರಿಗೆ ಪರಿಹಾರ ತಪ್ಪುತ್ತದೆ. ನಿಜವಾದ ಸರಾಸರಿ 14 ಇದ್ದು ಪರಿಹಾರ ಸಲ್ಲಬಾರದ ಪಂಚಾಯಿತಿಗೆ ಅದು ಸಿಕ್ಕಿಬಿಡುವ ಸಂಭವನೀಯತೆಯೂ ಅಷ್ಟೇ. ಪಕ್ಕದ ಪಂಚಾಯಿತಿಗೆ ಬಂತು, ನಮಗೆ ಬರಲಿಲ್ಲ ಎಂಬ ಸಿಟ್ಟಿನ ಹಿಂದೆ ಎಷ್ಟೋ ಸಲ ಇರುವುದು ಯಾರ ಕೈವಾಡವೂ ಅಲ್ಲ, ಈ 1.5 ಕಿಲೋ.

ಚೌಕಗಳನ್ನು 16ಕ್ಕೆ ಏರಿಸಿದರೆ ಆ ಶೇ. 25 ಸುಮಾರು 9ಕ್ಕೆ ಇಳಿಯುತ್ತದೆ, ಆದರೆ ಖರ್ಚು ನಾಲ್ಕು ಪಟ್ಟು, ವಿಚಲನೆ ಇಳಿಯುವುದು ಅರ್ಧಕ್ಕೆ ಮಾತ್ರ. ಕಟಾವಿನ ಹಂಗಾಮಿನಲ್ಲಿ ಊರೂರು ಸುತ್ತುವ ಗ್ರಾಮ ಆಡಳಿತಾಧಿಕಾರಿಗಳನ್ನು ಕೇಳಿದರೆ ಅದು ಆಗುವ ಮಾತಲ್ಲ ಎನ್ನುವುದು ಗೊತ್ತಾಗುತ್ತದೆ. ಇದಕ್ಕಿಂತ ಜಾಣತನದ ದಾರಿ ಸ್ತರಗಳನ್ನು ಮಾಡಿಕೊಳ್ಳುವುದು. ಮೇಲೆ ಹೇಳಿದ ಎರಡು ಗುಡ್ಡದ ಪಂಚಾಯಿತಿಯಲ್ಲಿ ಸರ್ವೆ ನಂಬರುಗಳನ್ನು ನಾಲೆಯ ಮೇಲ್ಭಾಗ, ಕೊನೆ ಭಾಗ ಎಂದು ಎರಡು ಪಟ್ಟಿ ಮಾಡಿ, ಒಂದೊಂದರಿಂದ ಎರಡೆರಡು ಚೌಕ ಯಾದೃಚ್ಛಿಕವಾಗಿ ಆರಿಸಿದರೆ, ನಾಲ್ಕೂ ಮೇಲ್ಭಾಗದಲ್ಲೇ ಬಿದ್ದುಬಿಡುವ ಅಪಾಯ ಇರುವುದಿಲ್ಲ. ಸರಾಸರಿಯ ವಿಚಲನೆ 1.5ರಿಂದ 0.9ಕ್ಕೆ ಇಳಿಯುತ್ತದೆ. ಪಟ್ಟಿ ಮಾಡದೆ ಅಷ್ಟೇ ನಿಖರತೆ ಬೇಕೆಂದರೆ 11ಕ್ಕೂ ಹೆಚ್ಚು ಚೌಕಗಳು ಬೇಕು. ಒಂದು ಹಿಡಿ ಭತ್ತವನ್ನೂ ಹೆಚ್ಚಿಗೆ ಕುಯ್ಯದೆ ಸಿಗುವ ಲಾಭ ಇದು. ಆದರೂ ಪರಿಚಯ ಪತ್ರಿಕೆಯಲ್ಲಿ ಸ್ತರಿತ ಸ್ಯಾಂಪಲಿಂಗ್ ಎನ್ನುವುದು ಎರಡು ಸಾಲಿನ ವ್ಯಾಖ್ಯೆಯಾಗಿ ಸತ್ತು ಬಿದ್ದಿರುತ್ತದೆ.

ಯಾದೃಚ್ಛಿಕತೆ ಇಲ್ಲದಿದ್ದರೆ ಮಾತ್ರ ಈ ಲೆಕ್ಕಗಳೆಲ್ಲ ನೀರಿನಲ್ಲಿ ಹೋಮ. ಚೀಟಿಯಲ್ಲಿ ಬಂದ ಗದ್ದೆಗೆ ಕೆಸರು ದಾಟಿ ಹೋಗಬೇಕೆಂದು ರಸ್ತೆ ಬದಿಯ ಗದ್ದೆಗೆ ಗೂಟ ಹೊಡೆದರೆ, ಅಂಥವು ನಾಲ್ಕಿರಲಿ ನಾನೂರಿರಲಿ, ರೂಟ್ ಎನ್ ಏನೂ ಮಾಡಲಾರದು. ಅದು ಚದುರುವಿಕೆಯನ್ನು ಕುಗ್ಗಿಸುತ್ತದೆಯೇ ಹೊರತು ವಾಲಿರುವುದನ್ನು ನೆಟ್ಟಗೆ ಮಾಡುವುದಿಲ್ಲ. ನಮ್ಮ ದೇಶದ ಇಬ್ಬರು ಹಿರಿಯ ಸಂಖ್ಯಾಶಾಸ್ತ್ರಜ್ಞರ ನಡುವೆ 1940ರ ದಶಕದಲ್ಲಿ ಇಂಥ ವಾಲಿಕೆಯ ವಿಷಯಕ್ಕೇ ಜೋರು ವಾದ ನಡೆದಿತ್ತು. ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಕಟ್ಟಿದ ಪಿ.ಸಿ. ಮಹಾಲನೋಬಿಸ್ ಚಿಕ್ಕ ಚಿಕ್ಕ ತುಂಡುಗಳನ್ನು ಹೆಚ್ಚು ಕಡೆ ಕುಯ್ಯುವುದರ ಪರವಾಗಿದ್ದರು, ಪಿ.ವಿ. ಸುಖಾತ್ಮೆ ಅವರು ತುಂಡು ಚಿಕ್ಕದಾದಷ್ಟೂ ಇಳುವರಿ ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ ಎಂದು ಪ್ರಯೋಗದಿಂದ ತೋರಿಸಿದರು. ಕಾರಣ ಹಗ್ಗದ ಅಂಚಿನಲ್ಲಿದೆ. ಅಂಚಿನ ಮೇಲಿರುವ ಪೈರನ್ನು ಒಳಗೆ ಸೇರಿಸಿಕೊಳ್ಳುವುದೇ ಕುಯ್ಯುವ ಕೈಯ ಸ್ವಭಾವ. 5 ಮೀಟರಿನ ಚೌಕದಲ್ಲಿ 25 ಚದರ ಮೀಟರಿಗೆ 20 ಮೀಟರ್ ಅಂಚು, 1 ಮೀಟರಿನ ಚೌಕದಲ್ಲಿ ಒಂದೇ ಚದರ ಮೀಟರಿಗೆ 4 ಮೀಟರ್. ಅಂದರೆ ಆಸೆಗೆ ಐದು ಪಟ್ಟು ಅವಕಾಶ.

ಪಠ್ಯಕ್ರಮ ರಚಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಸ್ಯಾಂಪಲಿಂಗ್ ಘಟಕವನ್ನು ಕೊನೆಯಿಂದ ತೆಗೆದು ಮೊದಲಿಗೆ ಹಾಕಲಿ. ಎಣಿಸಿದ ಕಾಳಿನ ಪೊಟ್ಟಣಗಳೋ ಸಂಖ್ಯೆ ಬರೆದ ಚೀಟಿಗಳೋ ಇರುವ ಡಬ್ಬವೊಂದರಿಂದ ತರಗತಿಯ ಪ್ರತಿ ವಿದ್ಯಾರ್ಥಿಯೂ ನಾಲ್ಕು ನಾಲ್ಕು ಎತ್ತಿ, ತನ್ನ ಸರಾಸರಿಯನ್ನು ಕಪ್ಪು ಹಲಗೆಯ ಮೇಲೆ ಒಂದು ಚುಕ್ಕಿಯಾಗಿ ಇಡಲಿ. 60 ಮಕ್ಕಳ ತರಗತಿಯಲ್ಲಿ ಎರಡನೆಯ ರಾಶಿ ಒಂದೇ ಪೀರಿಯಡ್ಡಿನಲ್ಲಿ ಎದ್ದು ನಿಲ್ಲುತ್ತದೆ, ಡಬ್ಬದೊಳಗಿನ ರಾಶಿಗಿಂತ ಅದು ಕಿರಿದಾಗಿರುವುದು ಕಡೆಯ ಬೆಂಚಿನವರಿಗೂ ಕಾಣುತ್ತದೆ. ಜೆಡ್ ಕೋಷ್ಟಕವನ್ನು ಅದರ ಮರುವಾರ ಹಂಚಿದರೂ ನಡೆಯುತ್ತದೆ. ಈಗಂತೂ ಆ ಕೆಲಸವನ್ನು ಮೊಬೈಲೇ ಮಾಡುತ್ತದೆ.