ಬಟ್ಟೆ ಎಳೆಯೋರು

ಫೆಬ್ರವರಿ 28ಕ್ಕೆ ಪುಣೆಯ ನಮ್ಮ ಸೊಸೈಟಿಯಲ್ಲಿ (ಅಪಾರ್ಟ್‌ಮೆಂಟಿಗೆ ಇಲ್ಲಿ ಹಾಗೇ ಅನ್ನುವುದು) ಮಕ್ಕಳ ಚಿತ್ರಕಲೆ ಸ್ಪರ್ಧೆ ಇತ್ತು. ವಿಷಯ, ವಿಜ್ಞಾನಿ. ತೀರ್ಪು ಕೊಡಲು ನನ್ನನ್ನು ಕೂರಿಸಿದ್ದರು. ಲ್ಯಾಬುಗಳಿಗೆ ಹೋಗಿ ಮೈಕ್ರೋಸ್ಕೋಪ್ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಅವರ ಲೆಕ್ಕದಲ್ಲಿ ಅದೂ ವಿಜ್ಞಾನವೇ.

31 ಚಿತ್ರ ಬಂದಿದ್ದವು. ಕೆದರಿದ ಬಿಳಿ ಕೂದಲು, ಸೋಡಾಬುಡ್ಡಿ ಕನ್ನಡಕ, ಬಿಳಿ ಕೋಟು, ಕೈಯಲ್ಲಿ ಹೊಗೆಯಾಡುವ ಗಾಜಿನ ಬುಂಡೆ. ಒಬ್ಬನೇ ಮನುಷ್ಯ ಮೂವತ್ತೊಂದು ಸಲ ಬಂದು ಕೂತ ಹಾಗಿತ್ತು. 1928ರಲ್ಲಿ ರಾಮನ್ ಪರಿಣಾಮ ಕಂಡುಕೊಂಡ ದಿನ ಅಂತ ತಾನೇ ನಾವು ವಿಜ್ಞಾನ ದಿನ ಮಾಡುವುದು? ಆ ರಾಮನ್ ತಲೆಗೆ ಪೇಟ ಸುತ್ತುತ್ತಿದ್ದವರು. ಪೇಟ ಬಿಡಿಸಿದ ಮಗು ಒಂದೂ ಇರಲಿಲ್ಲ. ಬೆಳಕಿನ ವಿಚಾರಕ್ಕೆ ನೊಬೆಲ್ ಬರುವ ಎಷ್ಟೋ ಮೊದಲು, 1920ರಲ್ಲೇ, ಮೃದಂಗ ತಬಲಾಗಳ ನಾದ ಬೇರೆ ಡೋಲುಗಳಿಗಿಂತ ಯಾಕೆ ಇಂಪು ಎಂದು ಅವರು ಲೇಖನ ಬರೆದಿದ್ದರು. ಚರ್ಮದ ಮೇಲಿನ ಆ ಕಪ್ಪು ಕರಣೆಯದೇ ಕರಾಮತ್ತು.

ಮಕ್ಕಳನ್ನು ಬೈದು ಉಪಯೋಗವಿಲ್ಲ. ಡೇವಿಡ್ ಚೇಂಬರ್ಸ್ ಎನ್ನುವವರು 4807 ಮಕ್ಕಳಿಂದ ಇದೇ ಚಿತ್ರ ಬರೆಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಅಲ್ಲೂ ಕೋಟು, ಕನ್ನಡಕ, ಗಡ್ಡ. ಹೆಂಗಸನ್ನು ಬಿಡಿಸಿದವರು ಬರೀ 28 ಮಕ್ಕಳು, ಅಷ್ಟೂ ಹುಡುಗಿಯರು.

ಬಹುಮಾನ ಕೊಡುವಾಗ ಒಬ್ಬ ಹುಡುಗನನ್ನು ಕೇಳಿದೆ, ನಿನ್ನ ಚಿತ್ರದ ಇವನಿಗೆ ಸ್ನೇಹಿತರು ಯಾರೂ ಇಲ್ಲವೇನಪ್ಪ ಅಂತ. "ಸೈಂಟಿಸ್ಟ್ ಅಲ್ವಾ ಕಾಕಾ, ನರ್ಡ್" ಎಂದ, ಕಾಗೆ ಕಪ್ಪು ಎನ್ನುವಷ್ಟು ಸಲೀಸಾಗಿ.

ಆ ಮಾತಿಗೆ ಕನ್ನಡದಲ್ಲಿ ಏನನ್ನಬಹುದು ಎಂದು ರಾತ್ರಿ ಯೋಚಿಸಿದೆ. ಪುಸ್ತಕದ ಹುಳು? ಕುಡುಮಿ? ಎರಡೂ ಓದುವ ಹುಡುಗರಿಗೆ ಕಾಲೇಜಿನಲ್ಲಿ ಹೇಳುವ ಮಾತು. ಪರೀಕ್ಷೆ ಮುಗಿದರೆ ಅದೂ ಮುಗಿಯಿತು. ವಿಜ್ಞಾನಿ ಅಂದರೆ ನನ್ನ ಕಣ್ಣಿಗೆ ಬರುವುದು ಬೇರೆಯೇ ಜನ.

ನನ್ನ ಅಜ್ಜನ ಮನೆ ಸೊರಬದ ಕಡೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ರೋಗದ ಜಾಡು ಹಿಡಿದು ಬಂದವರು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ರೋಗ ಹರಡುವ ಉಣುಗು ಹಿಡಿಯಲು ಕಾಡಿನ ತರಗೆಲೆಯ ಮೇಲೆ ಬಟ್ಟೆ ಎಳೆದುಕೊಂಡು ಹೋಗುವುದು, ಅದಕ್ಕೆ ಅಂಟಿದ್ದನ್ನೆಲ್ಲ ಚಿಮಟದಿಂದ ಹೆಕ್ಕಿ ಸೀಸೆಗೆ ಹಾಕುವುದು ಅವರ ಕೆಲಸ. ಅಜ್ಜ ಅವರನ್ನು ವಿಜ್ಞಾನಿ ಅಂದದ್ದೇ ಇಲ್ಲ, "ಬಟ್ಟೆ ಎಳೆಯೋರು" ಅನ್ನುತ್ತಿದ್ದ. "ಸತ್ತ ಮಂಗನ ಹತ್ರ ನಾವು ಹೋಗ್ತಿರ್ಲಿಲ್ಲ, ಅವ್ರು ಓಡೋಡಿ ಹೋಗೋರು" ಎಂದು ಹೇಳುವಾಗ ಅವನ ದನಿಯಲ್ಲಿ ಅರ್ಧ ಮೆಚ್ಚುಗೆ, ಅರ್ಧ ಅನುಮಾನ.

ಆಗುಂಬೆಯ ಕಥೆಯೂ ಹೀಗೇ. ಹಾವುಗಳ ತಜ್ಞ ರೊಮ್ಯುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗದ ಮೈಯೊಳಗೆ ಪುಟ್ಟ ರೇಡಿಯೋ ಇಟ್ಟು, ಅದು ಹೋದಲ್ಲೆಲ್ಲ ಆಂಟೆನಾ ಹಿಡಿದು ಹಿಂದೆ ಹಿಂದೆ ನಡೆಯುವ ಕೆಲಸ 2008ರಲ್ಲಿ ಶುರುವಾಯಿತು. ಇಡೀ ಏಷ್ಯಾಕ್ಕೆ ಒಂದೇ ಜಾತಿ ಎಂದುಕೊಂಡಿದ್ದ ಈ ಹಾವು ನಿಜಕ್ಕೂ ನಾಲ್ಕು ಜಾತಿ ಎಂದು ಪಿ. ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ತೋರಿಸಿದರು. ಪಶ್ಚಿಮಘಟ್ಟದ್ದಕ್ಕೆ ಇಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಲ್ಯಾಟಿನ್ ಹೆಸರಿನ ಬಾಲಕ್ಕೆ ನಮ್ಮ ಮಾತೇ ಅಂಟಿಕೊಂಡಿತು. ಗೌರಿಶಂಕರ್ ಅವರಿಗೆ ಹಿಂದೊಮ್ಮೆ ಕಾಳಿಂಗ ಕಚ್ಚಿತ್ತು. ಕಚ್ಚಿಸಿಕೊಂಡವರು ಮತ್ತೆ ಅದರ ಹಿಂದೆಯೇ ಹೋದರೆ ನಮ್ಮ ಕಡೆ ಏನನ್ನುತ್ತಾರೆ? "ಹಾವಿನ ಹುಚ್ಚು ಮಾರಾಯ ಅವ್ರಿಗೆ."

ನನಗೆ ಇಷ್ಟವಾಗುವುದು ಈ ಹುಚ್ಚು ಎಂಬ ಮಾತು. ನರ್ಡ್ ಅಂದರೆ ಅದೊಂದು ಬೇರೆ ಜಾತಿಯ ಮನುಷ್ಯ, ಹುಟ್ಟುತ್ತಲೇ ಕನ್ನಡಕ ಹಾಕಿಕೊಂಡು ಬಂದವನು. ಹುಚ್ಚು ಹಾಗಲ್ಲ, ಯಾರಿಗೂ ಹಿಡಿಯಬಹುದು. ಯಕ್ಷಗಾನದ ಹುಚ್ಚಿನಲ್ಲಿ ಬೆಳಗಿನವರೆಗೆ ಕೂತು, ಭಾಗವತರು ಎಲ್ಲಿ ತಾಳ ಬಿಟ್ಟರು ಎಂದು ಮಾರನೇ ದಿನ ಜಗಳ ಕಾಯುವವರಿಲ್ಲವೇ? ನನ್ನ ಚಿಕ್ಕಪ್ಪನಿಗೆ ಬೋರ್ಡೋ ಹುಚ್ಚು, ಅಡಿಕೆಗೆ ಹೊಡೆಯುವ ಔಷಧಿ ಅದು. ಮೈಲುತುತ್ತ, ಸುಣ್ಣ ಬೇರೆ ಬೇರೆ ಕದಡಿ, ಸೇರಿಸಿ, ಚೂರಿಯ ಅಲಗು ಅದ್ದಿ ನೋಡುತ್ತಾನೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ಮರ ಹತ್ತಿ ಅದನ್ನು ಹೊಡೆಯಬೇಕಾದ ಕೊನೆಗಾರ ಬುಡದಲ್ಲಿ ಕಾಯುತ್ತಿದ್ದರೂ ಇವನ ಪರೀಕ್ಷೆ ಮುಗಿಯುವುದಿಲ್ಲ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಅಡಿಕೆ ಕೊಳೆರೋಗದ ಹಿಂದೆ ಬಿದ್ದು ಈ ಔಷಧಿಯನ್ನು ನಮ್ಮ ತೋಟಗಳಿಗೆ ಹೇಳಿಕೊಟ್ಟವರು. ಚಿಕ್ಕಪ್ಪನಿಗೆ ಕೋಲ್ಮನ್ ಯಾರೆಂದು ಗೊತ್ತಿಲ್ಲ. ಇಬ್ಬರೂ ಒಂದೇ ಜಗಲಿಯಲ್ಲಿ ಕೂತಿದ್ದರೆ ಮಾತಿಗೇನೂ ಬರವಿರುತ್ತಿರಲಿಲ್ಲ.

ಮರಾಠಿಯಲ್ಲೂ ಇಂಥದೇ ಮಾತಿದೆ, 'ವೇಡ' ಅನ್ನುತ್ತಾರೆ. ಅಜ್ಜ ಅಜ್ಜಿಯರ ಬಾಯಲ್ಲಿ ಈಗಲೂ ಕೇಳುತ್ತೇನೆ, ಮೊಮ್ಮಕ್ಕಳ ಬಾಯಲ್ಲಿ ಇಲ್ಲ.

ಹಾಗಂತ ಮಕ್ಕಳ ಚಿತ್ರ ಪೂರ್ತಿ ಸುಳ್ಳು ಎನ್ನಲಾರೆ. ನಾನು ಲೆನ್ಸ್ ಒರೆಸುತ್ತಿದ್ದ ಒಂದಿಡೀ ಗಂಟೆ ತಲೆ ಎತ್ತದವರನ್ನು ನೋಡಿದ್ದೇನೆ. ಪ್ರತಿ ಭಾನುವಾರ ಸಿಂಹಗಡ ಹತ್ತುವವರನ್ನೂ, ಮಿಸಳ್ ಎಲ್ಲಿ ಚೆನ್ನ ಎಂದು ಊಟ ಬಿಟ್ಟು ವಾದಿಸುವವರನ್ನೂ ಅದೇ ಲ್ಯಾಬುಗಳಲ್ಲಿ ಕಂಡಿದ್ದೇನೆ. ಮಾದರಿ ಮುರಿಯುವ ಆತುರದಲ್ಲಿ ಇನ್ನೊಂದು ಎಡವಟ್ಟೂ ಆಗುತ್ತದೆ. 2014ರಲ್ಲಿ ಮಂಗಳಯಾನ ಕಕ್ಷೆ ಸೇರಿದಾಗ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ನಗುವ ಹೆಂಗಸರ ಫೋಟೋ ನೋಡಿ "ಇವರೇ ವಿಜ್ಞಾನಿಗಳು" ಎಂದು ಲೋಕವೆಲ್ಲ ಕುಣಿಯಿತು. ಅವರು ಆಡಳಿತ ವಿಭಾಗದವರು ಎಂದು ಇಸ್ರೋ ಆಮೇಲೆ ಹೇಳಿತು. ಮಹಿಳಾ ವಿಜ್ಞಾನಿಗಳು ಬೇರೆ ಇದ್ದರು, ಕಂಟ್ರೋಲ್ ರೂಮಿನೊಳಗೆ. ಅವರು ಏನು ಉಟ್ಟಿದ್ದರೋ, ಫೋಟೋ ನೋಡಿ ಕುಣಿದವರು ಕೇಳಲಿಲ್ಲ.

ನಮ್ಮ ಮಲೆನಾಡನ್ನು ಹೊಗಳಿ ಅಟ್ಟಕ್ಕೇರಿಸುವಂತೆಯೂ ಇಲ್ಲ. ಇಂಜಿನಿಯರ್, ಡಾಕ್ಟರ್ ಬಿಟ್ಟರೆ ಉಳಿದ ಓದು ಮದುವೆ ಮಾತುಕತೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಚಿಕ್ಕಪ್ಪನ ಮನೆಯ ಹಿಂದಿನ ಕೋಣೆಗೆ ಹೋದ ಮಳೆಗಾಲದಲ್ಲಿ ಕಪ್ಪೆ ಅಧ್ಯಯನ ಮಾಡುವ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಊರವರ ಮೊದಲ ಪ್ರಶ್ನೆ, "ಕಪ್ಪೆ ನೋಡಿದ್ದಕ್ಕೆ ಸಂಬಳ ಕೊಡ್ತಾರಾ?" ರಾತ್ರಿ ಹತ್ತಕ್ಕೆ ಟಾರ್ಚು ಹಿಡಿದು ತೋಟಕ್ಕೆ ಇಳಿಯುವವಳು ಎಂದು ಬೇರೆ ಪಿಸುಮಾತು.

ತಿಂಗಳು ಕಳೆದ ಮೇಲೆ ಚಿಕ್ಕಮ್ಮ ಫೋನ್ ಮಾಡಿದ್ದರು. ಚಿಕ್ಕಪ್ಪನೂ ಈಗ ಅವಳ ಜೊತೆ ಹೊರಟುಬಿಡುತ್ತಾನಂತೆ. ಯಾವ ಕಪ್ಪೆ ಯಾವ ಹೊಂಡದಲ್ಲಿ ವಟಗುಟ್ಟುತ್ತದೆ ಎನ್ನುವುದು ಅವನಿಗೆ ಬಾಯಿಪಾಠ, ಅವಳು ಅದನ್ನೆಲ್ಲ ಬರೆದುಕೊಳ್ಳುತ್ತಾಳಂತೆ. "ಹನ್ನೆರಡಕ್ಕೆ ಬರ್ತಾರೆ ಇಬ್ರೂ, ಕಾಲು ತುಂಬ ಉಂಬಳ. ಸಾರು ಬಿಸಿ ಮಾಡಿ ಮಾಡಿ ನಂಗೆ ಸಾಕಾಗಿದೆ ಮಾರಾಯ" ಎಂದರು.