ಕಪ್ಪು ಮನೆಯ ಒತ್ತುವರಿ

ಇವತ್ತು ಪೇಪರ್ ಬಿಡಿಸಿದರೆ ಪದಬಂಧದಲ್ಲಿ ಒಂದು ಕಪ್ಪು ಮನೆ ಕಾಣೆಯಾಗಿತ್ತು. ಹತ್ತಿರ ಹಿಡಿದೆ. ವೈಟ್ನರ್ ವಾಸನೆ. ಮಗನ ಪ್ರಾಜೆಕ್ಟಿಗೆಂದು ನಿನ್ನೆ ತಂದಿಟ್ಟಿದ್ದ ಬಾಟಲಿಯಿಂದ ಕಪ್ಪು ಚೌಕಕ್ಕೆ ನೀಟಾಗಿ ಬಳಿದು, ಒಣಗಿಸಿ, ಅದರ ಮೇಲೆ ಇಂಕ್ ಪೆನ್ನಿನಲ್ಲಿ ದುಂಡಗೆ ‘ಯ’ ಬರೆಯಲಾಗಿತ್ತು. ಸುಳಿವು ‘ಅರ್ಜುನ (3)’. ನಮ್ಮ ಮಾವನವರಿಗೆ ಹೊಳೆದ ಉತ್ತರ ಧನಂಜಯ.

“ಮಾವ, ಮೂರೇ ಅಕ್ಷರ ಕೇಳಿದಾರೆ. ಕಿರೀಟಿ ಇರಬಹುದು, ವಿಜಯ ಇರಬಹುದು.”

“ಧನಂಜಯನೂ ಅರ್ಜುನನೇ ತಾನೇ? ಪಕ್ಕದ ಜಾಗ ಸುಮ್ಮನೆ ಬಿದ್ದಿತ್ತಲ್ಲಮ್ಮ.”

ಸುಮ್ಮನೆ ಬಿದ್ದಿತ್ತಂತೆ!

ನನ್ನ ಸಂಕಟ ಅರ್ಥವಾಗಬೇಕಾದರೆ ನಮ್ಮನೆಯ ಬೆಳಗು ಗೊತ್ತಿರಬೇಕು. ಗೊತ್ತಿಲ್ಲದೆ ಏನು, ನಿಮ್ಮನೆಯದೂ ಅದೇ. ಕುಕ್ಕರ್ ಕೂಗು, ಡಬ್ಬಿ, ಒಂದೇ ಕಾಲಿನ ಸಾಕ್ಸ್, ಗೀಸರ್ ಆಫ್ ಮಾಡಿದ್ಯಾ ಇಲ್ವಾ. ಎಲ್ಲರನ್ನೂ ಸಾಗಹಾಕಿ, ನಾನು ಕಾಲೇಜಿನ ಕಚೇರಿಗೆ ಹೊರಡುವ ಮುಂಚೆ ಸಿಗುವುದು ಒಂದು ಚೂರು ಸಮಯ. ಎರಡನೇ ಕಾಫಿ, ಮೊನೆ ಮಾಡಿದ ಪೆನ್ಸಿಲ್, ಪದಬಂಧ. ಇಡೀ ದಿನದಲ್ಲಿ ನನಗೆ ನನ್ನದು ಅನ್ನಿಸುವ ಆಸ್ತಿ ಅಷ್ಟೇ. ಮಾವನವರು ಏಳುವುದು ನಾಲ್ಕೂವರೆಗೆ. ಆರು ಗಂಟೆಗೆ ಪೇಪರ್ ಹುಡುಗನ ಸೈಕಲ್ ಸದ್ದಾದರೆ ಗೇಟಿನಲ್ಲಿ ಇವರ ಚಾಚಿದ ಕೈ ಇರುತ್ತದೆ. ಯುದ್ಧ, ಚುನಾವಣೆ, ಚಿನ್ನದ ಬೆಲೆ ಎಲ್ಲ ಆಮೇಲೆ.

ನಮ್ಮ ಮಾವ ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಮೈಸೂರು ಸೀಮೆಯ ಹಳ್ಳಿ ಹಳ್ಳಿಗಳಲ್ಲಿ 33 ಅಡಿಯ ಸರಪಳಿ ಎಳೆದು ಸವೆದ ಜೀವ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅಂಥ 40 ಕೂಡಿದರೆ ಒಂದು ಎಕರೆ. ಸರ್ವಿಸ್ ಪೂರ್ತಿ ಭೂಮಿತಾಯಿಯನ್ನು ಚೌಕದಲ್ಲೇ ನೋಡಿದವರ ಕೈಗೆ ಪದಬಂಧ ಸಿಕ್ಕರೆ ಅವರಿಗೆ ಅಲ್ಲಿ ಅಕ್ಷರ ಕಾಣಿಸುವುದಿಲ್ಲ, ಜಮೀನು ಕಾಣಿಸುತ್ತದೆ. ಬಿಳಿ ಮನೆ ಸಾಗುವಳಿ. ಕಪ್ಪು ಮನೆ ಖರಾಬು. ಖರಾಬಿನಲ್ಲೂ ಎ, ಬಿ ಅಂತ ಎರಡಿದೆ ಎಂದು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ನನಗೆ ಪಾಠವಾಗಿತ್ತು. ಎ ಖರಾಬು ಎಂದರೆ ಬಂಡೆ ಗಿಂಡೆ ಇದ್ದು ಉಳುಮೆಗೆ ಬಾರದ ಜಾಗ. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನ, ಊರಿಗೆಲ್ಲ ಸೇರಿದ್ದು. ಅದನ್ನು ಯಾರೂ ಮುಟ್ಟುವಂತಿಲ್ಲ.

ಅವರ ಕಾನೂನನ್ನೇ ಹಿಡಿದು ಇವತ್ತು ವಾದಿಸಿದೆ. “ಪದಬಂಧದ ಕಪ್ಪು ಮನೆ ಬಿ ಖರಾಬು ಮಾವ. ಸಾರ್ವಜನಿಕರದ್ದು. ನೀವು ಮಾಡಿರೋದು ಒತ್ತುವರಿ.”

ಕನ್ನಡಕ ಮೇಲೆತ್ತಿ ಸ್ಥಳ ಪರಿಶೀಲನೆ ಮಾಡಿದರು. “ಇಲ್ಲಮ್ಮ, ಇದು ಎ. ನೋಡು, ಸುತ್ತ ನಾಲ್ಕೂ ಕಡೆ ನಮ್ಮದೇ ಜಮೀನು.”

ನಾನು ಉಪಾಯ ಹೂಡಲಿಲ್ಲ ಅಂತಲ್ಲ. ಎರಡನೇ ಪೇಪರ್ ಹಾಕಿಸಿದೆ. ಹಾಕಿಸಿದ ಮೇಲೆ ಎರಡೂ ಪದಬಂಧ ಭರ್ತಿಯಾಗಿ ನನ್ನ ಕೈ ಸೇರತೊಡಗಿದವು. “ದುಡ್ಡು ಕೊಟ್ಟು ತರಿಸಿದ ಮೇಲೆ ಖಾಲಿ ಬಿಡೋದಾ?” ಎಂದರು. ಕಾಯದೆ ಪ್ರಕಾರ ತಕರಾರು ತೆಗೆಯುವ ಹಾಗಿಲ್ಲ. ಜೆರಾಕ್ಸ್ ತೆಗೆಸೋಣವೆಂದರೆ ಅಂಗಡಿ ತೆರೆಯುವುದು ಹತ್ತರ ಮೇಲೆ. ನಮ್ಮನೆಯವರು ಫೋನಿನಿಂದ ತಲೆ ಎತ್ತದೆ, “ಆಪ್ ಇದೆ, ಡೌನ್‌ಲೋಡ್ ಮಾಡ್ಕೋ” ಎಂದರು. ಜಗಳ ಆಡಬಹುದಿತ್ತು. ಹೊತ್ತಾಗಿತ್ತು, ಬಿಟ್ಟೆ.

ಭರ್ತಿ ಮಾಡುವುದಾದರೆ ಸರಿಯಾಗಾದರೂ ಮಾಡಲಿ. ಇಂಗ್ಲಿಷಿನವರಿಗೆ 26 ಅಕ್ಷರ, ಮನೆಗೊಂದು, ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಹೊತ್ತ ಇಡೀ ಅಕ್ಷರ ಒಂದು ಮನೆಯಲ್ಲಿ ಕೂರಬೇಕು. ಅದು ಎಡದಿಂದ ಬಲಕ್ಕೂ ಸರಿ ಇರಬೇಕು, ಮೇಲಿನಿಂದ ಕೆಳಕ್ಕೂ ಸರಿ ಇರಬೇಕು. ‘ಕಿ’ ಇದ್ದ ಕಡೆ ‘ಕೀ’ ನಡೆಯದು. ಇಂಥದ್ದನ್ನು ಹೆಣೆಯುವುದು ಹುಡುಗಾಟವೇ? ಅ.ನ. ಪ್ರಹ್ಲಾದರಾವ್ ಅವರು ಇಂಥವನ್ನು ಸಾವಿರಗಟ್ಟಲೆ ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದಾರೆ. ಅವರ ತಾಳ್ಮೆಗೆ ಕೂತಲ್ಲಿಂದಲೇ ಕೈ ಮುಗಿಯುತ್ತೇನೆ. ಮಾವನವರಿಗೆ ಮಾತ್ರ ದೀರ್ಘ, ಒತ್ತು ಎಲ್ಲ ಅಳತೆಯಲ್ಲಿ ಬರುವ ಸಣ್ಣಪುಟ್ಟ ವ್ಯತ್ಯಾಸ. “ಅಷ್ಟು ಹೆಚ್ಚುಕಮ್ಮಿ ಸರ್ವೆಯಲ್ಲೇ ಒಪ್ತಾರೆ.”

ಹೆಚ್ಚುಕಮ್ಮಿಯ ನಡುವೆ ಹುಟ್ಟಿಕೊಳ್ಳುವ ಪದಗಳಿಗೂ ಅವರಲ್ಲಿ ಸಮಜಾಯಿಷಿ ಇದೆ. ಅಡ್ಡಸಾಲು ತುಂಬಿದ ಮೇಲೆ ಕೆಳಮುಖವಾಗಿ ‘ಣಗುವಾ’ ಅಂತಲೋ ‘ತ್ಸಬೆಳೆ’ ಅಂತಲೋ ಏನೋ ಒಂದು ಇಳಿದಿರುತ್ತದೆ. ಏನು ಮಾವ ಇದು ಅಂದರೆ, “ಯಾವುದಾದರೂ ಗ್ರಾಮ ಇರಬೇಕಮ್ಮ. ಬೇಚರಾಕ್ ಗ್ರಾಮ.” ಜನವಸತಿ ಇಲ್ಲದೆ, ಕಂದಾಯದ ದಾಖಲೆಯಲ್ಲಿ ಹೆಸರು ಮಾತ್ರ ಉಳಿದ ಊರುಗಳು ಇವು. ಹೋಗಿ ನೋಡೋಣವೆಂದರೆ ಅಲ್ಲಿ ಕೇಳಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಎಂಥ ಭದ್ರವಾದ ವಾದ! ನಮ್ಮ ಪದಬಂಧದಲ್ಲಿ ಈಗಾಗಲೇ ಒಂದು ಹೋಬಳಿಗಾಗುವಷ್ಟು ಬೇಚರಾಕ್ ಗ್ರಾಮಗಳಿವೆ.

ಮಾರನೆಯ ದಿನ ಉತ್ತರ ಬಂದಾಗ? ಮೊದಲೆಲ್ಲ ನಾನು ಆಸೆಯಿಂದ ತೋರಿಸುತ್ತಿದ್ದೆ. ಅವರು ಸಾವಧಾನವಾಗಿ ನೋಡಿ, “ಅಚ್ಚಿನ ತಪ್ಪು” ಎನ್ನುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಅನಾಹುತವಾದದ್ದು ‘ಕಮಲ (3)’ ಬಂದ ದಿನ. ಪದಬಂಧ ಬಿಡಿಸುವವರಿಗೆ ಈ ಸುಳಿವಿನ ಹಿಂಸೆ ಗೊತ್ತಿದೆ. ತಾವರೆ, ನಳಿನ, ರಾಜೀವ ಮೂರಕ್ಷರ. ಅವು ಬೇಡವೆಂದು ಕಷ್ಟಪಟ್ಟು ಕೊನೆಯ ಅಕ್ಷರ ‘ಜ’ ಎಂದು ಪತ್ತೆ ಮಾಡಿದಿರೋ, ಆಗ ಪಂಕಜ, ಜಲಜ, ವನಜ, ವಾರಿಜ, ನೀರಜ, ಅಂಬುಜ, ಸರೋಜ ಎಲ್ಲರೂ ಸಾಲಾಗಿ ಬಂದು ನಿಲ್ಲುತ್ತಾರೆ. ಅತ್ತೆಯವರ ಭಜನಾ ಮಂಡಳಿಯ ಹಾಜರಿ ಪುಸ್ತಕವೇ ಅದು. ಅತ್ತೆಯೂ ಅದರಲ್ಲಿದ್ದಾರೆ. ಅವರ ಹೆಸರು ಸರೋಜ.

ಮಾವನವರು ಬರೆದದ್ದು ಅಂಬುಜ.

ಅತ್ತೆ ಪದಬಂಧದ ತಂಟೆಗೆ ಬರುವವರಲ್ಲ. ಅವತ್ತು ಹೂ ಕಟ್ಟಲು ಬಾಳೆನಾರು ಹುಡುಕುತ್ತಾ ಬಂದವರ ಕಣ್ಣು ಪೇಪರಿನ ಮೇಲೆ ಬಿತ್ತು.

“ಯಾರ್ರೀ ಅದು ಅಂಬುಜ?”

“ಕಮಲ ಕಣೆ. ಕಮಲಕ್ಕೆ ಅಂಬುಜ ಅಂತಾರೆ.”

“ಕಮಲಕ್ಕೆ ಸರೋಜ ಅಂತಾನೂ ಅಂತಾರೆ. ಅದೂ ಮೂರೇ ಅಕ್ಷರ.”

“ಮೇಲಿಂದ ಅಂಗಳ ಇಳಿದು ಬರ್ತಿದೆ ಕಣೆ, ನಾನೇನು ಮಾಡ್ಲಿ?”

“ಓಹೋ. ಅಂಗಳಕ್ಕೇ ಬಂದ್ಲೋ?”

ನಾನು ಕಾಫಿ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಹೊರಗೆ ಮಾವ, ಅಡ್ಡ ನಾಲ್ಕನೆಯದು, ಉದ್ದ ನಾಲ್ಕನೆಯದು, ಎರಡಕ್ಕೂ ಮೊದಲನೇ ಮನೆ ಒಂದೇ ಎಂದು ನಕ್ಷೆ ಹಿಡಿದು ವಿವರಿಸುತ್ತಿದ್ದರು. ಕಮಲದ ಮೇಲೆ ವೈಟ್ನರ್ ಬಳಿಯುವ ಬುದ್ಧಿ ಅವತ್ತೇಕೆ ಬರಲಿಲ್ಲವೋ. ಆ ಮಧ್ಯಾಹ್ನದ ಸಾರಿಗೆ ಉಪ್ಪಿರಲಿಲ್ಲ. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಾರನೆಯ ದಿನ ಉತ್ತರ ನೋಡಿದರೆ ಅಂಬುಜವೇ ಸರಿ. ಇವರ ಉತ್ತರ ಅಪರೂಪಕ್ಕೆ ಸರಿಯಾದ ದಿನವೇ ಇವರಿಗೆ ಶಿಕ್ಷೆಯಾದದ್ದು.

ಇವರಿಗೆ ಕುಮ್ಮಕ್ಕು ಕೊಡುವವನು ನನ್ನ ಮಗ. ತಾತನ ಪಕ್ಕ ಕೂತು ಫೋನಿನಲ್ಲಿ ಪದಬಂಧದ ಇತಿಹಾಸ ಓದಿ ಹೇಳಿದ್ದಾನೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗೆ ಇದನ್ನು ಮಾಡಿಕೊಟ್ಟ. ಆಕಾರ ವಜ್ರದ್ದು, ನಡುವೆ ಖಾಲಿ, ಮನೆಗಳ ಮಧ್ಯೆ ಕಪ್ಪು ಚೌಕವೇ ಇರಲಿಲ್ಲ. ಆತ ಇಟ್ಟ ಹೆಸರು ‘ವರ್ಡ್ ಕ್ರಾಸ್’. ಕೆಲವೇ ವಾರಗಳಲ್ಲಿ ಅಚ್ಚುಮೊಳೆಯವರ ಕೈತಪ್ಪಿನಿಂದ ಅದು ತಿರುಗಾಮುರುಗಾ ಆಗಿ ‘ಕ್ರಾಸ್ ವರ್ಡ್’ ಆಯಿತೆಂದು ಹೇಳುತ್ತಾರೆ.

ಮಾವನವರಿಗೆ ಇನ್ನೇನು ಬೇಕು? “ಕೇಳಿದ್ಯೇನಮ್ಮ? ಮೂಲ ದಾಖಲೆಯಲ್ಲಿ ಖರಾಬೇ ಇಲ್ಲ! ಹೆಸರೇ ಅಚ್ಚಿನ ತಪ್ಪು!” ವೈಟ್ನರ್ ಬಾಟಲಿಗೆ ಧೈರ್ಯ ಬಂದದ್ದು ಹೀಗೆ.

ಮಗ ಇನ್ನೊಂದು ಕತೆಯನ್ನೂ ಹೇಳಿದ. 1944ರಲ್ಲಿ, ನಾರ್ಮಂಡಿಗೆ ಮಿತ್ರಪಡೆಗಳು ಇಳಿಯುವ ಮುಂಚಿನ ವಾರಗಳಲ್ಲಿ, ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪದಬಂಧದಲ್ಲಿ ಒಮಾಹಾ, ಯೂಟಾ, ಓವರ್‌ಲಾರ್ಡ್ ಮುಂತಾದ ಗುಪ್ತನಾಮಗಳೆಲ್ಲ ಉತ್ತರವಾಗಿ ಬಂದುಬಿಟ್ಟವಂತೆ. ಅದನ್ನು ರಚಿಸುತ್ತಿದ್ದ ಲಿಯೊನಾರ್ಡ್ ಡಾ ಎಂಬ ಹೆಡ್ಮಾಸ್ಟರರನ್ನು ಗುಪ್ತಚರರು ವಿಚಾರಣೆ ಮಾಡಿದರು. ಪಾಪ, ನಮ್ಮ ಮಾವ ತುಂಬಿದ ಪ್ರತಿಯನ್ನು ಗುಪ್ತಚರರಿಗೆ ಕೊಟ್ಟಿದ್ದರೆ ಸಾಕಿತ್ತು. ಹೆಡ್ಮಾಸ್ಟರರು ಅರ್ಧ ಗಂಟೆಯಲ್ಲಿ ಮನೆಗೆ ಹೋಗುತ್ತಿದ್ದರು.

ಇಷ್ಟೆಲ್ಲ ಬೈದರೂ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಪದಬಂಧದಲ್ಲಿ ಆಗಾಗ ಹಳೇ ಅಡುಗೆಮನೆಯ ಸಾಮಾನು ಬರುತ್ತದೆ. ಮೊರ, ಒನಕೆ, ಕಡಗೋಲು, ಅಡಕತ್ತರಿ. ನನ್ನ ಮಗ ಇವನ್ನು ಕಂಡಿರುವುದು ಅಲ್ಲಿ ಮಾತ್ರ. ಹೋದ ತಿಂಗಳು ‘ಹಾಲು, ಮೊಸರಿನ ಗಡಿಗೆ ತೂಗುಹಾಕುವ ಹಗ್ಗದ ಜಾಲ (3)’ ಎಂದು ಬಂತು. ನನಗೆ ಹೊಳೆಯಲಿಲ್ಲ. ಮಾವನವರು ನೆಲುವು ಎಂದು ಬರೆದು, ಮುಂದಿನ ಸುಳಿವಿಗೆ ಹೋಗದೆ ಪೆನ್ನಿನ ಕ್ಯಾಪ್ ಹಾಕಿದರು. ಅವರ ಅಮ್ಮ ನೆಲುವಿನಲ್ಲಿ ಬೆಣ್ಣೆ ಇಡುತ್ತಿದ್ದರಂತೆ. ಅಣ್ಣನ ಹೆಗಲೇರಿ ಕದಿಯುತ್ತಿದ್ದರಂತೆ. ಆಮೇಲೆ ಅಣ್ಣತಮ್ಮಂದಿರು ಬೇರೆಯಾದಾಗ, ಹೊರಗಿನವರನ್ನೇಕೆ ಕರೆಯುವುದೆಂದು ಆ ಮನೆಯನ್ನು ಅಳೆದು ಪಾಲು ಮಾಡಿದವರೂ ಇವರೇ. “ಅಡುಗೆಮನೆ ಮಧ್ಯದಲ್ಲೇ ಗೆರೆ ಹೋಯ್ತಮ್ಮ. ಅಳತೆ ಸರಿಯಾಗೇ ಇತ್ತು” ಎಂದರು. ಅವತ್ತು ಅರ್ಧ ಪದಬಂಧ ನನಗೆ ಖಾಲಿ ಸಿಕ್ಕಿತು. ನನಗೂ ಬಿಡಿಸಲು ಮನಸ್ಸಾಗಲಿಲ್ಲ.

ಇರಲಿ. ಮರುದಿನ ಮತ್ತೆ ಪೂರ್ತಿ ಸಾಗುವಳಿ ಆಗಿತ್ತು.

ಇವತ್ತಿನ ವೈಟ್ನರ್ ಪ್ರಕರಣದ ಮೇಲೆ ಅತ್ತೆಯೇ ಪಂಚಾಯ್ತಿ ಮಾಡಿದರು. ಎಡದಿಂದ ಬಲಕ್ಕೆ ಮಾವನದು, ಮೇಲಿನಿಂದ ಕೆಳಕ್ಕೆ ನನ್ನದು. ಕಪ್ಪು ಮನೆ ಯಾರೂ ಮುಟ್ಟಕೂಡದು. ಮಾವ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಕರಾರು ಪತ್ರ ಬರೆದು, ಅತ್ತೆಯ ಸಾಕ್ಷಿ ರುಜು ಹಾಕಿಸಿ, ಚಕ್ಕುಬಂದಿ ಸಮೇತ ನನ್ನ ಕೈಗೆ ಕೊಟ್ಟರು. ಎರಡನೇ ಪೇಪರಿನ ಪದಬಂಧದಿಂದಲೇ ಜಾರಿ.

ನಾನು ಪೆನ್ಸಿಲ್ ಹಿಡಿದು ಕೂತೆ. ಕೆಳಮುಖವಾಗಿ ‘ಉಪ್ಪಿನಕಾಯಿಯ ಜಾಡಿ, ಒಂದು ನಕ್ಷತ್ರವೂ ಹೌದು (3)’. ಭರಣಿ! ಖುಷಿಯಿಂದ ಬರೆಯಲು ಹೋದರೆ ಮೊದಲನೇ ಮನೆಯಲ್ಲಿ ಆಗಲೇ ಇಂಕಿನ ‘ರಿ’ ಕೂತಿದೆ. ಅಡ್ಡಸಾಲಿನ ಸುಳಿವು ‘ಆನೆ (2)’. ಇವರು ಕರಿ ಎಂದು ಬರೆದಿದ್ದಾರೆ.

“ಮಾವ, ಅದು ಇಭ. ಇಲ್ಲಿ ಭ ಬರಬೇಕು. ಇಲ್ಲಾಂದ್ರೆ ನನ್ನದು ರಿರಣಿ ಆಗುತ್ತೆ.”

“ರಿರಣಿ...” ಎಂದು ಮಾಳಿಗೆ ನೋಡಿದರು. ಬೇಚರಾಕ್ ಎನ್ನುವ ಮೊದಲೇ ನಾನು ಕರಾರು ಪತ್ರ ಎತ್ತಿ ತೋರಿಸಿದೆ. ಅವರು ಅದನ್ನು ತೆಗೆದುಕೊಂಡು ಕನ್ನಡಕ ಸರಿಮಾಡಿ ಓದಿದರು. ಅಡ್ಡಸಾಲು ಅವರದು ಎಂದಿದೆ. ಉದ್ದಸಾಲು ನನ್ನದು ಎಂದಿದೆ. ಎರಡೂ ಕೂಡುವ ಮನೆ ಯಾರದು ಎಂದು ಎಲ್ಲೂ ಬರೆದಿಲ್ಲ. ಬರೆದವರು ನಲವತ್ತು ವರ್ಷ ಸರ್ವೆ ಇಲಾಖೆಯಲ್ಲಿದ್ದವರು. ಅದು ಮರೆವಲ್ಲ ಎಂದು ನನಗೆ ಆಗ ಹೊಳೆಯಿತು.

ಮಾವನವರು ಜೇಬಿನಿಂದ ಪುಟ್ಟ ಸ್ಕೇಲು ತೆಗೆದು, ಆ ಮನೆಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಮೇಲಿನ ಅರ್ಧದಲ್ಲಿ ಅವರ ‘ರಿ’ ಹಾಯಾಗಿ ಉಳಿಯಿತು. ಕೆಳಗಿನ ಅರ್ಧ ಖಾಲಿ.

“ನಿನ್ನ ಭ ಇಲ್ಲಿ ಹಾಕ್ಕೋಮ್ಮ. ಪಹಣಿಯಲ್ಲಿ ಜಂಟಿ ಖಾತೆ ಅಂತ ತೋರಿಸಿದ್ರಾಯ್ತು.”